ಹಳದಿ ಅಳತೆಪಟ್ಟಿ

ಬಸ್ಸು ಯಲಹಂಕದ ಹಳೇ ಊರು ದಾಟಿ ಎಂ.ಎಸ್. ಪಾಳ್ಯದ ಕಡೆ ಹೊರಳುವಷ್ಟರಲ್ಲಿ ಶಿವಶರಣಪ್ಪನ ಅಂಗಿಯ ಜೇಬಿನಲ್ಲಿ ಫೋನು ಆರೇಳು ಸಲ ಗುಂಯ್‌ಗುಟ್ಟಿತ್ತು. ಕೆರೆಯಿಂದಲೇ ಗಾಳದ ಗೆಳೆಯರ ಗುಂಪಿಗೆ ಮೀನಿನ ಫೋಟೋ ಕಳಿಸಿ ಬಂದಿದ್ದ ಅವನು ತೆಗೆದು ನೋಡಲಿಲ್ಲ. ಹೊಗಳಿಕೆಯನ್ನು ಸ್ವಲ್ಪ ಕಾಯಿಸಿ ಓದಿದರೆ ರುಚಿ ಹೆಚ್ಚು ಎಂಬುದನ್ನು ಬಲ್ಲವನು. ಬೆಳಿಗ್ಗೆ ಸಿಕ್ಕಿದ್ದು ನಲವತ್ತೊಂದು ಸೆಂಟಿಮೀಟರಿನ ಗೆಂಡೆ ಮೀನು; ಈ ವರ್ಷ ‘ಭಾನುವಾರದ ಗಾಳ’ ಗುಂಪಿನ ಹದಿನಾರು ಜನರಲ್ಲಿ ಯಾರಿಗೂ ಅಷ್ಟುದ್ದದ್ದು ಬಿದ್ದಿರಲಿಲ್ಲ. ಅವರಲ್ಲಿ ವಿಜಯಕುಮಾರನ ಹೊಟ್ಟೆಯಂತೂ ಉರಿದಿರುತ್ತದೆ, ಉರಿಯಲಿ. ಎಳೆಬಿಸಿಲಿಗೆ ತಾಮ್ರದ ಕೊಡದ ಬಣ್ಣಕ್ಕೆ ತಿರುಗಿದ್ದ ಆ ಮೈ ಒದ್ದೆ ಬಟ್ಟೆಯ ಮೇಲೆ, ಹಳದಿ ಅಳತೆಪಟ್ಟಿಯ ಪಕ್ಕ, ಫೋಟೋಕ್ಕೆಂದೇ ಒಂದು ಗಳಿಗೆ ತೆಪ್ಪಗೆ ಮಲಗಿತ್ತು. ಗುಂಪಿನ ಕಾಯಿದೆಗಳನ್ನೆಲ್ಲ ಮಾಡಿದವನು ಪುಟ್ಟೇನಹಳ್ಳಿಯ ಮುನೇಶ. ಕೊಕ್ಕೆಯ ಮುಳ್ಳನ್ನು ಅರದಲ್ಲಿ ತಿಕ್ಕಿ ತೆಗೆದಿರಬೇಕು. ಮೀನನ್ನು ಮುಟ್ಟುವ ಮುಂಚೆ ಕೈ ಒದ್ದೆ ಮಾಡಿಕೊಳ್ಳಬೇಕು, ಒಣ ಕೈ ತಾಗಿದರೆ ಅದರ ಮೈಮೇಲಿನ ಲೋಳೆ ಕಿತ್ತುಬರುತ್ತದೆ. ಮೀನು ನೀರಿನಿಂದ ಮೇಲೆ ಬಂತೆಂದರೆ ಹಿಡಿದವನು ತನ್ನ ಉಸಿರನ್ನೂ ಹಿಡಿಯಬೇಕು. “ನಿಮ್ಗೆ ಉಸ್ರು ಕಟ್ತು ಅಂದ್ರೆ ಅದಕ್ಕೂ ಕಟ್ತು ಅಂತ್ಲೇ ತಿಳ್ಕೊಳ್ಳಿ ಕಣಣ್ಣ. ಫೋಟೋ ಹೊಡೀರಿ, ನೀರಿಗ್ ಬಿಡಿ, ಅಷ್ಟೇ,” ಎಂದು ಮೊದಲ ದಿನವೇ ಮುನೇಶ ಹೇಳಿಕೊಟ್ಟಿದ್ದ. ಎರಡು ವರ್ಷದಿಂದ ಶಿವಶರಣಪ್ಪ ಅದನ್ನು ವ್ರತದ ಹಾಗೆ ನಡೆಸಿಕೊಂಡು ಬಂದಿದ್ದ.

ಕಿಟಕಿಯ ಸೀಟು ಖಾಲಿಯಾದಾಗ ಸರಿದು ಕೂತು, ಮೀನಿನ ಕೋಲಿನ ಚೀಲವನ್ನು ಮೊಣಕಾಲ ನಡುವೆ ನಿಲ್ಲಿಸಿ, ಮೂಗಿಗೆ ಚಾಳೀಸು ಏರಿಸಿ, ಫೋನು ತೆರೆದ. ಗೆಂಡೆ ಇರಬೇಕಾದ ಜಾಗದಲ್ಲಿ ಒಂದು ಬಾಯಿ ಇತ್ತು. ಬೆರಳಿನಿಂದ ಹೊರಕ್ಕೆ ಎಳೆದ ಕೆನ್ನೆಯ ಒಳಮೈ, ಅದರ ಮೇಲೆ ಸುಣ್ಣ ಬಳಿದಂಥ ಬಿಳಿ ಮಚ್ಚೆ, ಮಚ್ಚೆಯ ನಡುವೆ ಕೆಂಪು ಗೀರು, ಪಕ್ಕದಲ್ಲಿ ಹಳದಿ ಅಳತೆಪಟ್ಟಿಯ ತುಂಡು. ಅಡಿಯಲ್ಲಿ ಅವನೇ ಟೈಪು ಮಾಡಿದ ಸಾಲು: ‘41! ಬಿಟ್ಟಾಯ್ತು.’ ಒಂದು ನಿಮಿಷ ಅವನಿಗೆ ಅದು ಯಾರ ಬಾಯಿ ಎಂಬುದೇ ಹೊಳೆಯಲಿಲ್ಲ. ಆಮೇಲೆ ತಿಳಿಯಿತು: ಅದು ಅವನದೇ; ಚಾಳೀಸಿಲ್ಲದೆ ಕಳಿಸುವಾಗ ಮೀನಿನ ಪಕ್ಕದ ಫೋಟೋ ಒತ್ತಿಬಿಟ್ಟಿದ್ದ. ಫೋಟೋದ ಕೆಳಗೆ ಮೆಚ್ಚುಗೆಯ ನಾಲ್ಕು ಹೆಬ್ಬೆರಳುಗಳು. ಒಬ್ಬ ‘ಸೂಪರ್ ಗುರು’ ಎಂದಿದ್ದ. ವಿಜಯಕುಮಾರ ‘ಫುಲ್ ಮೀನ್ ಹಾಕಿ ಸಾರ್, ಬಾಯಿ ಮಾತ್ರ ಯಾಕೆ? ಕೊರವನಾ?’ ಎಂದು ಕೇಳಿದ್ದ. ಇನ್ನೊಬ್ಬ ‘ಕೊರವ ಅಲ್ಲ ಮಗಾ, ಬಾಳೆಮೀನು’ ಎಂದು ತಿದ್ದಿದ್ದ. ಹಳದಿ ಪಟ್ಟಿ ಕಂಡರೆ ಅವರಿಗೆ ಅದರ ಪಕ್ಕದ್ದೆಲ್ಲ ಮೀನೇ. ಕೊನೆಗೆ ಮುನೇಶನ ಒಂದು ಸಾಲು: ‘ಏಯ್ ಸರಿಯಾಗ್ ನೋಡ್ರೋ, ಹಲ್ಲಿದೆ. ಮನುಷ್ಯಂದು.’

ಅಳಿಸಬೇಕು, ಈಗಲೇ. ಫೋಟೋದ ಮೇಲೆ ಬೆರಳು ಒತ್ತಿ ಹಿಡಿದ. ಎರಡು ದಾರಿ ತೋರಿಸಿತು: ಎಲ್ಲರಿಗೂ ಅಳಿಸು, ನನಗೆ ಮಾತ್ರ ಅಳಿಸು. ಬಸ್ಸು ರಸ್ತೆಯ ಹಂಪಿನ ಮೇಲೆ ಎಗರಿತು, ಅಥವಾ ಬಸ್ಸಿನ ಮೇಲೆ ಹೊರಿಸುವುದು ಬೇಡ, ಅವನೇ ಅವಸರಪಟ್ಟು ಒತ್ತಿದ. ಫೋಟೋ ಮಾಯವಾಯಿತು. ‘ಅಬ್ಬಾ’ ಎಂದುಕೊಂಡು ಉಸಿರು ಬಿಡುವಾಗ, ಒತ್ತಿದ್ದು ಎರಡನೆಯದು ಎಂದು ತಿಳಿಯಿತು. ವಾಪಸು ಪಡೆಯಲು ಕೆಳಗೊಂದು ಪಟ್ಟಿ ಮಿಂಚಿ, ಅವನು ಓದಿ ಮುಗಿಸುವುದರೊಳಗೆ ಹೊರಟುಹೋಯಿತು. ಈಗ ಹದಿನೈದು ಜನರ ಫೋನಿನಲ್ಲಿ ಅವನ ಬಾಯಿ ತೆರೆದುಕೊಂಡು ಕೂತಿದೆ. ಅವನೊಬ್ಬನಿಗೆ ಮಾತ್ರ ಅದು ಕಾಣುವುದಿಲ್ಲ. ಸಂತೆಯಲ್ಲಿ ಪಂಚೆ ಬಿಚ್ಚಿಹೋದವನ ಹಾಗೆ ಸುತ್ತ ನೋಡಿದ. ಎದುರು ಸೀಟಿನ ಹೆಂಗಸು ಸೊಪ್ಪಿನ ಕಟ್ಟುಗಳನ್ನು ಮಡಿಲಲ್ಲಿಟ್ಟುಕೊಂಡು ತೂಕಡಿಸುತ್ತಿದ್ದಳು.

ಯುಗಾದಿಯ ಹಿಂದಿನ ದಿನ ನಾಲಿಗೆಗೆ ಮೊದಲು ಸಿಕ್ಕಿದ್ದು ಅದು. ಎಡಗೆನ್ನೆಯಲ್ಲಿ, ಇಪ್ಪತ್ತೆರಡು ವರ್ಷದಿಂದ ಸುಣ್ಣ ತಿಕ್ಕಿದ ತಂಬಾಕು ಇಡುತ್ತಿದ್ದ ಅದೇ ಮೂಲೆಯಲ್ಲಿ, ಒಂದು ಒರಟು. ಮುಂದಿನ ಭಾನುವಾರ ಕೆರೆಯಲ್ಲಿ ಮೀನಿನ ಫೋಟೋ ತೆಗೆದಾದ ಮೇಲೆ, ಯಾರೂ ಹತ್ತಿರವಿಲ್ಲವೆಂದು ಖಾತ್ರಿ ಮಾಡಿಕೊಂಡು, ಹರಿದ ಹಳೇ ಅಳತೆಪಟ್ಟಿಯ ಮೊದಲ ಐದು ಸೆಂಟಿಮೀಟರು ಕತ್ತರಿಸಿ ಬಾಯೊಳಗಿಟ್ಟು, ಬಿಸಿಲಿಗೆ ಮುಖವೊಡ್ಡಿ ಒಂದು ಫೋಟೋ ತೆಗೆದ. ಆರು ಮಿಲಿಮೀಟರು. ಮನೆಯ ಬಚ್ಚಲಲ್ಲಿ ಬೆಳಕು ಸಾಲದು, ಮಗಳು ಕೀರ್ತಿ ಬಾಗಿಲು ಬಡಿಯುತ್ತಾಳೆ. ಕೆರೆಯ ಬೆಳಕೇ ಬೆಳಕು. ಆಮೇಲೆ ಅದು ಅಭ್ಯಾಸವಾಯಿತು. ಒಂದು ಮೀನು, ಒಂದು ಬಾಯಿ. ಎಂಟು, ಹತ್ತೂವರೆ, ಹದಿಮೂರು. ತಂಬಾಕು ಬಿಟ್ಟ, ಹದಿನಾಲ್ಕಾಯಿತು. ಅಳೆಯುವುದು ಅವನ ಕಸುಬು. ಜಾಲಹಳ್ಳಿಯ ಕಾರ್ಖಾನೆಯಲ್ಲಿ ಎರಕದ ತುಂಡುಗಳ ತಪಾಸಣೆ ಅವನದು. ತುಂಡಿಗೆ ಕೆಂಪು ಬಣ್ಣ ಹಚ್ಚಿ, ಒರೆಸಿ, ಮೇಲೆ ಬಿಳಿ ಪುಡಿ ಎರಚಿ ಕಾಯಬೇಕು. ಕಣ್ಣಿಗೆ ಕಾಣದ ಬಿರುಕಿದ್ದರೆ ಒಳಗೆ ಇಳಿದ ಬಣ್ಣ ಬಿಳಿಯ ಮೇಲೆ ಕೆಂಪು ಗೀರಾಗಿ ಎದ್ದುಬರುತ್ತದೆ. ಬಂದೊಡನೆ ಅವನು ತುಂಡಿಗೆ ಕೆಂಪು ಚೀಟಿ ಕಟ್ಟಿ ಬದಿಗಿಡುತ್ತಾನೆ. “ಕೂದ್ಲೆಳೆ ಅಷ್ಟೇ ಸಾರ್, ಬಿಟ್ಬಿಡಿ” ಎಂದು ಎಷ್ಟು ಜನ ಹಲ್ಲು ಗಿಂಜಿಲ್ಲ! ಒಬ್ಬರಿಗೂ ಅವನು ಬಿಟ್ಟವನಲ್ಲ. ಬಿಳಿಯ ಮೇಲೆ ಕೆಂಪು ಬಂದರೆ ಏನೆಂದು ಇಡೀ ಬೆಂಗಳೂರಿನಲ್ಲಿ ಅವನಿಗಿಂತ ಚೆನ್ನಾಗಿ ತಿಳಿದವರು ಕಡಿಮೆ. ಆದರೂ ಪ್ರತಿ ಭಾನುವಾರ ಫೋಟೋ ತೆಗೆದು, ಫೋನು ಜೇಬಿಗಿಟ್ಟು, ಬಾಯಿ ಮುಚ್ಚಿಕೊಂಡು ಬಸ್ಸು ಹತ್ತಿದ್ದ. ತೆಗೆದ ಮೇಲೆ ಏನೋ ಒಂದು ಕೆಲಸ ಮುಗಿದಂತೆ ಎದೆ ಹಗುರಾಗುತ್ತಿತ್ತು. ಇವತ್ತಿನದು ಹತ್ತೊಂಬತ್ತು.

ಫೋನು ಈಗ ನಿಲ್ಲದೆ ನಡುಗತೊಡಗಿತು. ಅಕ್ಬರ್ ಪಾಷಾ. ಆರ್.ಟಿ. ನಗರದಲ್ಲಿ ಮಿಕ್ಸಿ, ಫ್ಯಾನು ರಿಪೇರಿಯ ಅಂಗಡಿ ಇಟ್ಟಿರುವವನು. ಗಾಳದವರಲ್ಲಿ ಶಿವಶರಣಪ್ಪನ ಪಕ್ಕದಲ್ಲಿ ಕೂತು ಗಂಟೆಗಟ್ಟಲೆ ಮಾತಾಡದೆ ಇರಬಲ್ಲವನು ಅವನೊಬ್ಬನೇ. ಅವನು ಏನು ಕೇಳುತ್ತಾನೆ ಎಂದು ಶಿವಶರಣಪ್ಪನಿಗೆ ಗೊತ್ತಿತ್ತು. ಅದಕ್ಕೆ ಉತ್ತರ ಹೇಳಲು ಬಾಯಿ ತೆರೆಯಬೇಕು, ತೆರೆದರೆ ಆ ಕಾಯಿಲೆಯ ಹೆಸರು ಹೊರಗೆ ಬರುತ್ತದೆ, ಬಂದರೆ ಅದು ನಿಜವಾಗುತ್ತದೆ. ಕರೆ ನಿಂತಿತು, ಮತ್ತೆ ಬಂತು. ಗಂಗಮ್ಮ ಸರ್ಕಲ್ಲಿನಲ್ಲೇ ಇಳಿದು, ಕಾರ್ಖಾನೆಯ ಕ್ವಾರ್ಟರ್ಸಿನವರೆಗೆ ಮರಗಳ ನೆರಳಲ್ಲಿ ನಡೆದ. ವಾಯುಪಡೆಯ ಕಡೆಯಿಂದ ಒಂದು ವಿಮಾನ ತಲೆಯ ಮೇಲೇ ಎದ್ದುಹೋಯಿತು. ಅದರ ಸದ್ದಿಗೆ ಅವನು ಮರದ ಬುಡಕ್ಕೆ ಸರಿದು ನಿಂತ. ಇಷ್ಟು ವರ್ಷ ಈ ಸದ್ದಿನ ಕೆಳಗೇ ನಿದ್ದೆ ಮಾಡಿದವನು. ತನಗೆ ಹೆದರಿಕೆಯಾಗಿದೆ ಎಂದು ಅವನಿಗೆ ಸ್ಪಷ್ಟವಾಗಿ ಗೊತ್ತಾಯಿತು. ನಾಳೆ ನಾಡಿದ್ದಿನ ಹೆದರಿಕೆಯಲ್ಲ, ಚಿಕ್ಕಂದಿನಲ್ಲಿ ಕತ್ತಲೆ ಕೋಣೆಗೆ ಜೋಳ ತರಲು ಕಳಿಸಿದಾಗ ಬೆನ್ನ ಹಿಂದೆ ಬಂದು ನಿಲ್ಲುತ್ತಿತ್ತಲ್ಲ, ಅದು.

“ಬಂದ್ರೇನ್ರಿ? ಚೀಲ ಹೊರಗ ಇಡ್ರಿ, ಮದ್ಲ ಜಳಕಾ ಮಾಡ್ರಿ,” ಎಂದಳು ಹೆಂಡತಿ ಮಹಾನಂದಾ ಒಳಗಿನಿಂದಲೇ. ಅದು ಅವರಿಬ್ಬರ ನಡುವಿನ ಒಪ್ಪಂದ. ಲಿಂಗ ಕಟ್ಟಿದ ಮನೆ; ಗಂಡ ಗಾಳ ಹಿಡಿದು ಕೂರುವುದೇ ಅವಳಿಗೆ ಅಸಹ್ಯವಾಗಿತ್ತು. ಹಿಡಿದದ್ದನ್ನು ಬಿಡುತ್ತಾರೆ ಎಂದು ತಿಳಿದ ಮೇಲೆ “ಕೆರೀದು ಕೆರ್ಯಾಗೇ ಬಿಟ್ಟು ಬರ್ರಿ, ಮನಿಗಿ ಏನೂ ತರಬ್ಯಾಡ್ರಿ” ಎಂದು ಸುಮ್ಮನಾಗಿದ್ದಳು. ಕಲಬುರಗಿಯಿಂದ ಬಂದಾಗ ಅವ್ವ ಚಂದ್ರವ್ವನಿಗೂ ಒಮ್ಮೆ ಫೋನಿನಲ್ಲಿ ಮೀನು ತೋರಿಸಿದ್ದ. ಅವ್ವ ಕಣ್ಣು ಕಿರಿದು ಮಾಡಿ ನೋಡಿ, “ಜೀವಾ ಇತ್ತೇನೋ?” ಎಂದು ಕೇಳಿದ್ದಳು. ಇತ್ತವ್ವ, ಬಿಟ್ಟೆ. “ಬಿಡೋದಿತ್ತಂದ್ರ ಹಿಡದಿ ಯಾಕ?” ಅದಕ್ಕೆ ಅವನು ನಕ್ಕಿದ್ದ. ಬಚ್ಚಲಲ್ಲಿ ಬಿಸಿನೀರು ಹುಯ್ದುಕೊಳ್ಳುವಾಗ ಆ ಪ್ರಶ್ನೆ ಯಾಕೋ ಮತ್ತೆ ಬಂತು. ಕನ್ನಡಿಯ ಹಬೆ ಒರೆಸಲಿಲ್ಲ.

ಊಟಕ್ಕೆ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಬೇಳೆ. ಅವನು ರೊಟ್ಟಿಯನ್ನು ಚೂರು ಮಾಡಿ ಬೇಳೆಯಲ್ಲಿ ನೆನೆಸಿ, ಬಲಗಡೆಯಿಂದ ಸಂದಿ ಮಾಡಿ ಒಳಗೆ ತಳ್ಳಿದ. ಖಾರ ತಾಗಿ ಕಣ್ಣಲ್ಲಿ ನೀರು ಬಂತು. “ಇನ್ನಾ ಹಲ್ಲು ನೋಯ್ತದೇನ್ರಿ? ಎರಡ ತಿಂಗಳಾತು ಹಲ್ಲು ಹಲ್ಲು ಅಂತೀರಿ. ಕೀಳಿಸಿ ಒಗಿಬಾರದಾ?” ಎಂದಳು ಮಹಾನಂದಾ. ತೋರಸ್ತೀನಿ ಎಂದ. ಅವಳು ಕೇಳದಿದ್ದರೂ ಅವನ ತಟ್ಟೆಗೆ ಮೆತ್ತಗಿನ ಅನ್ನ ಬಡಿಸಿದಳು. ಈಚೆಗೆ ಅನ್ನ ದಿನಾ ಮೆತ್ತಗಿರುತ್ತದೆ ಎಂಬುದು ಅವನಿಗೆ ಆಗ ಹೊಳೆಯಿತು. ಅದನ್ನು ಹೊಳೆಯದ ಹಾಗೆ ನುಂಗಿದ.

ಮೂರು ಗಂಟೆಗೆ ಹೊರಗೆ ಸ್ಕೂಟರು ನಿಂತ ಸದ್ದಾಯಿತು. ಅಕ್ಬರ್ ಪಾಷಾ ಹೆಲ್ಮೆಟ್ಟು ಕಂಕುಳಲ್ಲಿ ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದ. ಭಾನುವಾರ ಬೆಳಿಗ್ಗೆಯ ಹೊರತು ಅವನನ್ನು ಬೇರೆ ಹೊತ್ತಿನಲ್ಲಿ ಶಿವಶರಣಪ್ಪ ನೋಡಿಯೇ ಇರಲಿಲ್ಲ. ಕೆರೆಯದು ಮನೆಗೆ ಬಂದುಬಿಟ್ಟಿತು ಎಂದುಕೊಂಡ. ಹೇಳಿಬಿಡುತ್ತಾನೆ, ಇವಳ ಮುಂದೆ, ಮಗಳ ಮುಂದೆ, ಫೋನು ತೆಗೆದು ತೋರಿಸಿಯೇ ಬಿಡುತ್ತಾನೆ. “ಬರ್ರಿ ಪಾಷಾ ಭಾಯ್,” ಎಂದ ಅವನ ದನಿ ಅವನಿಗೇ ಬೇರೆಯಾಗಿ ಕೇಳಿತು.

ಪಾಷಾ ಒಳಗೆ ಬಂದ. ಕುರ್ಚಿಯ ತುದಿಯಲ್ಲಿ ಕೂತು ಚಹಾ ಕುಡಿದ. ಕೆರೆಯಲ್ಲಿ ನೀರು ಇಳಿದಿದೆ ಎಂದ. ಹೆಬ್ಬಾಳದ ಫ್ಲೈಓವರಿನಲ್ಲಿ ಅರ್ಧ ಗಂಟೆ ನಿಂತೆ ಎಂದ. ಮಹಾನಂದಾಗೆ “ಭಾಬಿ, ನಿಮ್ಮ ಮಿಕ್ಸಿ ಏನಾದ್ರೂ ಇದ್ರೆ ಕೊಡಿ, ನೋಡ್ಕೊಂಡ್ ಹೋಗ್ತೀನಿ” ಎಂದ. ಅವನು ಒಂದೊಂದು ಮಾತು ಆಡಿದಾಗಲೂ ಶಿವಶರಣಪ್ಪನ ಬೆನ್ನು ಗೋಡೆಗೆ ಇನ್ನಷ್ಟು ಅಂಟುತ್ತಿತ್ತು. ಹೋಗಲಿ ದೇವರೇ, ಇವನು ಹೀಗೇ ಎದ್ದು ಹೋಗಲಿ. ಪಾಷಾ ಲೋಟ ಕೆಳಗಿಟ್ಟು ಬೆರಳುಗಳನ್ನು ಕರ್ಚೀಪಿನಲ್ಲಿ ನಿಧಾನವಾಗಿ ಒರೆಸಿಕೊಂಡ.

“ಭಾಬಿ, ನಮ್ಮ ದೊಡ್ಡಣ್ಣ ಒಬ್ರಿದ್ರು. ಅವ್ರಿಗೆ ಡಾಕ್ಟ್ರು ಒಂದು ಆಟ ಹೇಳ್ಕೊಟ್ಟಿದ್ರು. ಮನೇಲಿ ಎಲ್ರೂ ಆಡ್ಬೇಕಂತೆ. ನೋಡಿ ಇಂಗೆ.” ಮೂರು ಬೆರಳು ಜೋಡಿಸಿ, ನೆಟ್ಟಗೆ ನಿಲ್ಲಿಸಿ, ಬಾಯಿ ತೆರೆದು ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ಇಟ್ಟು ತೋರಿಸಿದ. ಬೆರಳು ತೆಗೆದು, “ಈಗ ನೀವು,” ಎಂದ.

ಕೀರ್ತಿ ಓದುತ್ತಿದ್ದ ಪುಸ್ತಕ ಮಡಚಿ ಕಿಸಕ್ಕನೆ ನಕ್ಕಳು. ಮೊದಲು ಅವಳೇ ಮಾಡಿದಳು, ಸಲೀಸಾಗಿ. “ಅಂಕಲ್, ನಂಗೆ ನಾಲ್ಕು ಬೇಕಾದ್ರೂ ಹಿಡ್ಸುತ್ತೆ!” ಮಹಾನಂದಾ ನಾಚಿಕೊಂಡು ಸೆರಗಿನ ಮರೆಯಲ್ಲಿ ಬೆರಳಿಟ್ಟುಕೊಂಡಳು; ಮೂರು ಬೆರಳು ಬಾಯಲ್ಲಿದ್ದಂತೆಯೇ ನಗು ಬಂದು ಕೆಮ್ಮಿದಳು. ಅವಳು ಹಾಗೆ ನಕ್ಕು ಎಷ್ಟು ದಿನವಾಗಿತ್ತೋ. ಆಮೇಲೆ ಮೂವರೂ ನಗುಮುಖದಲ್ಲೇ ಅವನ ಕಡೆ ತಿರುಗಿದರು. ಅಲ್ಲ, ಇಬ್ಬರು. ಪಾಷಾ ನಗುತ್ತಿರಲಿಲ್ಲ.

“ಅಪ್ಪಾ, ಈಗ ನಿನ್ ಸರದಿ.”

“ನನಗ್ಯಾಕ ಇದೆಲ್ಲಾ,” ಎಂದ. “ಹುಡುಗಾಟಿಕಿ.”

“ಅಣ್ಣ,” ಎಂದ ಪಾಷಾ, ತೀರ ಮೆಲ್ಲಗೆ, ಮೀನು ಎಳೆಯುತ್ತಿರುವಾಗ ಹೇಳುವ ಹಾಗೆ. “ಹಾಕಿ ಅಣ್ಣ.”

ಶಿವಶರಣಪ್ಪ ಬೆರಳು ಜೋಡಿಸಿದ. ಬಾಯಿ ತೆರೆದ, ತೆರೆದೆ ಎಂದುಕೊಂಡ. ಮೂರು ಬೆರಳು ಹಲ್ಲಿಗೆ ತಾಗಿ ನಿಂತವು. ಒಂದನ್ನು ಮಡಚಿದ. ಎರಡೂ ಹೋಗಲಿಲ್ಲ. ಕೆನ್ನೆಯೊಳಗೆ ಹಗ್ಗ ಕಟ್ಟಿದಂತೆ ಬಿಗಿಯಿತ್ತು, ಎಳೆದರೆ ಕಿವಿಯವರೆಗೆ ನೋವು ಓಡುತ್ತಿತ್ತು. ಒಂದು ಬೆರಳು ಮಾತ್ರ ಒಳಗೆ ಹೋಯಿತು. ಆ ಒಂದು ಬೆರಳನ್ನು ಬಾಯಲ್ಲಿಟ್ಟುಕೊಂಡು, ಐವತ್ತಕ್ಕೆ ಹತ್ತಿರದ ಮನುಷ್ಯ, ಹೆಂಡತಿ ಮಗಳ ಮುಂದೆ ಕೂಸಿನಂತೆ ಕೂತಿದ್ದ. ಕೀರ್ತಿ ಇನ್ನೂ ನಗುತ್ತಿದ್ದಳು. ಅಮ್ಮನ ಮುಖ ನೋಡಿ ನಿಲ್ಲಿಸಿದಳು.

ಪಾಷಾನ ಕಣ್ಣು ಅವನ ಜೇಬಿನ ಫೋನಿನ ಮೇಲಿತ್ತು; ಅದನ್ನು ನೋಡಿ ಮಹಾನಂದಾ ಕೈ ಚಾಚಿದಳು. ಅವನು ಫೋನು ತೆರೆದು ಕೊಟ್ಟ. ಅವಳು ಒಂದೊಂದಾಗಿ ಸರಿಸುತ್ತ ಹೋದಳು. ಗೆಂಡೆ, ಬಾಯಿ. ಜಿಲೇಬಿ ಮೀನು, ಬಾಯಿ. ಕಾಟ್ಲಾ, ಬಾಯಿ. ಎಲ್ಲದರ ಪಕ್ಕದಲ್ಲೂ ಅದೇ ಹಳದಿ. ಹದಿನಾರು ಭಾನುವಾರ ಹಿಂದಕ್ಕೆ ಹೋಗಿ, ಯುಗಾದಿಯ ಹತ್ತಿರ ಅವಳ ಬೆರಳು ನಿಂತಿತು. ಆ ಹಬ್ಬದ ದಿನ ಬೇವು ಬೆಲ್ಲವನ್ನು ಅವಳೇ ಅವನ ಬಾಯಿಗೆ ಹಾಕಿದ್ದಳು.

“ನಾ ಕೆರ್ಯಾಗ ಬಿಟ್ಟು ಬರ್ರಿ ಅಂದಿದ್ದು ಮೀನಕ್ಕ,” ಎಂದಳು. “ಇದಕ್ಕಲ್ಲ.”

ಪಾಷಾ ಎದ್ದು ಹೆಲ್ಮೆಟ್ಟು ತಗೊಂಡ. “ನಮ್ಮಣ್ಣ ಒಂದ್ ವರ್ಷ ಯಾರ್ಗೂ ಹೇಳ್ಲಿಲ್ಲ ಭಾಬಿ. ಬೆಳಿಗ್ಗೆ ಎಂಟಕ್ಕೆ ಬರ್ತೀನಿ, ಆಟೋ ಹೇಳಿದೀನಿ,” ಎಂದ. ಆ ಅಣ್ಣ ಈಗೆಲ್ಲಿ ಎಂದು ಯಾರೂ ಕೇಳಲಿಲ್ಲ. ‘ಒಬ್ರಿದ್ರು’ ಎಂದು ಮೊದಲೇ ಹೇಳಿದ್ದ.

ಮರುದಿನ ಆಸ್ಪತ್ರೆಯಲ್ಲಿ ಅವನನ್ನು ಕರೆದ ಕೋಣೆಗೆ ಕಿಟಕಿ ಇರಲಿಲ್ಲ. ಚಪ್ಪಲಿ ಬಾಗಿಲ ಬಳಿ ಬಿಟ್ಟು ಬರಬೇಕೆಂದರು. ಹಿಂದಕ್ಕೆ ವಾಲುವ ಕುರ್ಚಿ, ಮುಖದ ಮೇಲೆ ಬಿಳಿ ದೀಪ. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಕೀರ್ತಿಗಿಂತ ಹತ್ತು ವರ್ಷ ದೊಡ್ಡವಳಿರಬಹುದು. ಫೋನಿನಲ್ಲಿದ್ದ ಫೋಟೋಗಳನ್ನು ಮೊದಲಿನಿಂದ ಕೊನೆಯವರೆಗೆ ನೋಡಿದಳು, ಮೀನುಗಳನ್ನೂ. “ಇಷ್ಟು ನೀಟಾಗಿ ಅಳತೆ ಇಟ್ಟಿದೀರಾ, ವಾರ ವಾರ. ಯಾರಿಗೆ ತೋರಿಸೋಣ ಅಂತ ತೆಗೀತಿದ್ರಿ?” ಬೈಗುಳದ ದನಿಯಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದಳು. ಅವನಿಗೆ ಅವ್ವನ ದನಿ ಕೇಳಿತು. ಬಿಡೋದಿತ್ತಂದ್ರ ಹಿಡದಿ ಯಾಕ.

ಅವಳು ಗ್ಲೌಸು ಹಾಕಿಕೊಂಡು, ಹೆಬ್ಬೆರಳನ್ನು ಅವನ ಕೆಳದುಟಿಯೊಳಗೆ ಇಟ್ಟು, ಉಳಿದ ಬೆರಳುಗಳಿಂದ ಗದ್ದ ಹಿಡಿದು ದೀಪಕ್ಕೆ ತಿರುಗಿಸಿದಳು. ಹೀಗೇ ಹಿಡಿಯಬೇಕು ಕಣಣ್ಣ, ಹೀಗೆ ಹಿಡಿದರೆ ಒದ್ದಾಡಲ್ಲ, ಎಂದು ಮುನೇಶ ತೋರಿಸಿಕೊಟ್ಟಿದ್ದ ಹಿಡಿತ. ನಿಜ, ಒದ್ದಾಡಲು ಆಗುವುದಿಲ್ಲ. ಕೆನ್ನೆ ಎಳೆದರು, ಕಾಗದದ ಒಂದು ಅಳತೆ ಒಳಗಿಟ್ಟರು, ಅದು ಬಿಳಿಯದು. ಇನ್ನೊಬ್ಬಾಕೆ ಕ್ಯಾಮೆರಾ ಹಿಡಿದು ಬಾಗಿದಳು. ದೀಪದಾಚೆ ಏನೂ ಕಾಣುತ್ತಿರಲಿಲ್ಲ, ದೊಡ್ಡ ದೊಡ್ಡ ನೆರಳುಗಳು ಮಾತ್ರ ಒಂದರ ಮೇಲೊಂದು ಬಾಗುತ್ತಿದ್ದವು. ಅವನು ತನಗೆ ಗೊತ್ತಿಲ್ಲದೆಯೇ ಉಸಿರು ಹಿಡಿದಿದ್ದ. ಒಂದು ಕ್ಲಿಕ್. ಇನ್ನೊಂದು. ಎದೆ ಬಿಗಿಯಿತು. ನಿನಗೆ ಕಟ್ಟಿದರೆ ಅದಕ್ಕೂ ಕಟ್ಟಿತು. ಇವರಲ್ಲಿ ಯಾರಾದರೂ ತನಗಾಗಿ ಉಸಿರು ಹಿಡಿದಿದ್ದಾರೆಯೇ, ಎಷ್ಟು ಹೊತ್ತು ಮೇಲೆ ಇಡಬಹುದೆಂದು ಇವರಿಗೆ ಗೊತ್ತಿದೆಯೇ? ನಲವತ್ತೊಂದರ ಆ ಗೆಂಡೆಯ ಕಣ್ಣು ನೆನಪಾಯಿತು, ರೆಪ್ಪೆಯಿಲ್ಲದ ಕಣ್ಣು. ಅದು ಶಾಂತವಾಗಿದೆ ಎಂದು ಅವನು ತಿಳಿದಿದ್ದ.

“ಉಸಿರಾಡಿ ಅಂಕಲ್, ಉಸಿರಾಡಿ,” ಎಂದಳು ಡಾಕ್ಟರಮ್ಮ. “ಫೋಟೋ ಆಯ್ತು.”

ಆಯಿತು ಎಂದರೆ ಆಯಿತು. ದೀಪ ಪಕ್ಕಕ್ಕೆ ಸರಿದೊಡನೆ ಅವನು ಎದ್ದು, ಬಾಯಿ ಒರೆಸಿಕೊಂಡು, ಸೀದಾ ಬಾಗಿಲಿಗೆ ನಡೆದ. ಯಾರೋ ಹಿಂದೆ “ಅಂಕಲ್, ಎಲ್ಲಿಗೆ?” ಎಂದರು. ಚಪ್ಪಲಿ ಹುಡುಕಿದ. ಎಡಗಾಲಿನದು ಸಿಕ್ಕಿತು. ಹೊರಗೆ ಉದ್ದನೆಯ ದಾರಿ, ಅದರ ಕೊನೆಯಲ್ಲಿ ಬಿಸಿಲಿನ ಒಂದು ತುಂಡು, ರಸ್ತೆ, ಬಸ್ಸುಗಳ ಹಾರನ್ನು. ಫೋಟೋ ತೆಗೆದಾಯಿತಲ್ಲ. ಒಂದೇ ಜಿಗಿತ, ಅಷ್ಟೇ ಬೇಕಾದದ್ದು.

“ಅವ್ರನ್ನ ಹಿಡ್ಕೊಳ್ಳಿ,” ಎಂದಳು ಡಾಕ್ಟರಮ್ಮ ಒಳಗಿನಿಂದ. “ಏನು ಅಂತ ನಾನು ಈಗ್ಲೇ ಹೇಳಲ್ಲ. ಆದ್ರೆ ಸ್ವಲ್ಪ ತುಂಡು ತೆಗೆದು ಇವತ್ತೇ ಟೆಸ್ಟಿಗೆ ಕಳಿಸ್ಬೇಕು. ಇವತ್ತು ಬಿಟ್ಟು ಕಳಿಸೋ ಹಾಗಿಲ್ಲ.”

ಮಹಾನಂದಾ ಬಾಗಿಲ ಪಕ್ಕದ ಗೋಡೆಗೆ ಆನಿಕೊಂಡು ನಿಂತಿದ್ದಳು. ಬೆಳಿಗ್ಗೆ ಆಟೋದಲ್ಲಿ ಬರುವಾಗ ಅವಳು ಉದ್ದಕ್ಕೂ ಹೊರಗೇ ನೋಡುತ್ತಿದ್ದಳು. ಅವನು ಒಂದೇ ಚಪ್ಪಲಿಯಲ್ಲಿ ಅವಳನ್ನು ದಾಟುವಾಗ, ಅವಳು ಕಣ್ಣು ಒರೆಸಿಕೊಳ್ಳುತ್ತಿದ್ದ ತನ್ನ ಕೈಯನ್ನು ಹಾಗೇ ಚಾಚಿ ಅವನ ಮುಂಗೈ ಹಿಡಿದಳು. ಕೊಸರಿದ. ಅವಳು ಬಿಡಲಿಲ್ಲ. ಅವಳ ಅಂಗೈ ಒದ್ದೆಯಾಗಿತ್ತು.